ಎರಡನೇ ಸಾಲಿನ ಸದಸ್ಯರು

ಹೊಸಬಾವಿ ಬಡಾವಣೆಗೆ ಚುನಾವಣೆ ಬರುವ ಸುದ್ದಿ ಮೊದಲು ತಲುಪುತ್ತಿದ್ದುದು ಪತ್ರಿಕೆಯವರಿಗಲ್ಲ, ಪೇಂಟರ್ ಮೌಲಾ ಸಾಬರಿಗೆ. ತಾರೀಖು ಗೊತ್ತಾಗುವ ಮೊದಲೇ ಯಾರಾದರೊಬ್ಬ ಉಮೇದುವಾರ ಸಂದಿಯಲ್ಲಿ ಸಿಕ್ಕಿ, "ಮೌಲಾಣ್ಣ, ಬಸ್‌ಸ್ಟಾಪಿನ ಗೋಡೆ ನನಗೇ ಇರ್ಲಿ, ಯಾರಿಗೂ ಕೊಡಬ್ಯಾಡ" ಎಂದು ಪಿಸುಗುಟ್ಟಿ ಹೋಗುತ್ತಿದ್ದ. ಆ ಗೋಡೆ ಮೌಲಾ ಸಾಬರದಲ್ಲ. ಆದರೂ ಅವರು ಗಂಭೀರವಾಗಿ ತಲೆದೂಗಿ, "ನೋಡಾಣ" ಎನ್ನುತ್ತಿದ್ದರು.

ಈ ಬಡಾವಣೆ ಇರುವುದು ಹರಿಹರ ಮುಗಿದು ಗದ್ದೆ ಶುರುವಾಗುವ ಕಡೆ, ಭಾನುವಳ್ಳಿ ಬಸ್ಸು ಹೊರಳುವ ತಿರುವಿನಲ್ಲಿ. ಪೇಟೆಯವರು ಇದನ್ನು ಹಳ್ಳಿ ಎನ್ನುತ್ತಿದ್ದರು, ಹಳ್ಳಿಯವರು ಪೇಟೆ ಎನ್ನುತ್ತಿದ್ದರು. ನಗರಸಭೆಗೆ ಸೇರಿ ವಾರ್ಡಾದ ಮೇಲೆ ಐದು ಚುನಾವಣೆ ನಡೆದಿವೆ. ವಾರ್ಡಿನ ನಂಬರು ಮೂರು ಸಲ ಬದಲಾಗಿದೆ. ಗಡಿ ಎರಡು ಸಲ ಚರಂಡಿ ದಾಟಿ ಹೋಗಿ ವಾಪಸು ಬಂದಿದೆ. ಐದರಲ್ಲೂ ಬದಲಾಗದೆ ಉಳಿದದ್ದು ಮೌಲಾ ಸಾಬರ ಕುಂಚ ಒಂದೇ. ಎದುರಾಳಿಗಳು ಎಷ್ಟೇ ಜನ ಇರಲಿ, ಅಷ್ಟೂ ಜನರ ಚಿಹ್ನೆ ಬರೆಯುತ್ತಿದ್ದವರು ಅವರೇ. ಬಸ್‌ಸ್ಟಾಪಿನ ಗೋಡೆಯನ್ನು ಇವತ್ತಿಗೂ ಉಗುರಿನಿಂದ ಕೆರೆದರೆ ಮೇಲೊಂದು ಆಟೊ, ಅದರಡಿ ಹಣತೆ, ಅದರಡಿ ಟೇಬಲ್ ಫ್ಯಾನು, ಇನ್ನೂ ಕೆರೆದರೆ ಹೊಲಿಗೆ ಯಂತ್ರದ ಚಕ್ರ ಕಾಣುತ್ತದೆ. ಉಳಿದವರು ಇತಿಹಾಸವನ್ನು ಓದಿ ತಿಳಿಯುತ್ತಾರೆ, ಮೌಲಾ ಸಾಬರು ಅದರ ಮೇಲೆ ಸುಣ್ಣ ಹೊಡೆದು ತಿಳಿದವರು.

ಹೀಗಿರುವಾಗ ಫ್ಲೆಕ್ಸ್ ಬಂತು. ಒಂದೇ ರಾತ್ರಿಯಲ್ಲಿ ಮುಖ, ಮೀಸೆ, ಮುಗುಳ್ನಗೆ ಎಲ್ಲ ಅಚ್ಚಾಗಿ ಬರತೊಡಗಿದ ಮೇಲೆ ಕುಂಚವನ್ನು ಕೇಳುವವರೇ ಇಲ್ಲವಾದರು. ಹೋದ ವರ್ಷವೆಲ್ಲ ಮೌಲಾ ಸಾಬರು ಬರೆದದ್ದು ಎರಡು ಟ್ರ್ಯಾಕ್ಟರ್ ನಂಬರು ಮತ್ತು "ಇಲ್ಲಿ ಕಸ ಹಾಕಬಾರದು" ಎಂಬ ಒಂದು ಫಲಕ. ಆ ಫಲಕದ ಕೆಳಗೆ ಕಸ ಎಷ್ಟು ಬಿತ್ತೆಂದರೆ ಬರಹವೇ ಮುಚ್ಚಿಹೋಯಿತು. ಅರವತ್ತಾರರ ವಯಸ್ಸಿನಲ್ಲಿ ಮನುಷ್ಯನಿಗೆ ಇಷ್ಟು ಅವಮಾನ ಸಾಕು.

ಆದ್ದರಿಂದ ಹೊಸ ವಾರ್ಡ್ ಕಚೇರಿಯ ಅಧಿಕಾರಿ ರವಿಚಂದ್ರ ಅವರು ಹೇಳಿಕಳಿಸಿದಾಗ ಮೌಲಾ ಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ರವಿಚಂದ್ರ ಈ ಕಡೆಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಮೃದು ಮನುಷ್ಯ, ಯಾರ ಮಾತನ್ನಾದರೂ ನಂಬುವ ಸ್ವಭಾವ.

"ಸೋಮವಾರ ಹನ್ನೊಂದಕ್ಕೆ ಪೌರಾಯುಕ್ತರು ಬಂದು ಕಚೇರಿ ಉದ್ಘಾಟನೆ ಮಾಡ್ತಾರೆ. ಗೋಡೆಗೆ ಒಂದು ಬೋರ್ಡ್ ಬೇಕು. ಈ ವಾರ್ಡಿನ ಇದುವರೆಗಿನ ಸದಸ್ಯರ ಹೆಸರು, ಅವಧಿ. ಫ್ಲೆಕ್ಸ್ ಬೇಡ, ಕೈಯಲ್ಲಿ ಬರೆದದ್ದು ಬೇಕು ಅಂತ ಸಾಹೇಬರ ಅಪ್ಪಣೆ. ನಾಳೆ ಮುಖ್ಯ ಕಚೇರಿಯಿಂದ ಫೈಲ್ ತರಿಸಿ ಪಟ್ಟಿ ಕೊಡ್ತೀನಿ" ಎಂದರು ಅವರು.

ಅಷ್ಟಕ್ಕೇ ಸುಮ್ಮನೆ "ಆಯ್ತು" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ "ಕೈಯಲ್ಲಿ ಬರೆದದ್ದು" ಎಂಬ ಮಾತು ಮೌಲಾ ಸಾಬರ ನೆತ್ತಿಗೇರಿತ್ತು.

"ಫೈಲ್ ಯಾಕ್ರಿ ಸಾಹೇಬ್ರೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ಐದು ಇಲೆಕ್ಷನ್ನೂ ಈ ಕೈಯಾಗೇ ಬರ್ದೀನಿ. ನನ್ನ ತಲೇನೇ ಫೈಲು ಅಂತ ತಿಳೀರಿ."

ರವಿಚಂದ್ರ ಸಂತೋಷದಿಂದ ಒಪ್ಪಿದರು. ಒಂದು ಪತ್ರ ಬರೆಯುವ ಕೆಲಸ ತಪ್ಪಿದರೆ ಯಾವ ನೌಕರ ತಾನೇ ಬೇಡವೆನ್ನುತ್ತಾನೆ?

ಮನೆಗೆ ಬಂದು ಹೆಂಡತಿ ಮುಸರತ್‌ಗೆ ಈ ವಿಷಯ ಹೇಳಿದಾಗ ಆಕೆ ಅಕ್ಕಿ ಆರಿಸುತ್ತ, "ನಿಮ್ಮ ತಲೆ ಫೈಲೇನ್ರಿ? ಬೆಳಿಗ್ಗಿಂದ ಕನ್ನಡಕ ಹುಡುಕ್ತಾ ಇದೀರಿ, ಕೊರಳಾಗೇ ನೇತಾಡ್ತಾ ಐತೆ" ಎಂದಳು. ದೊಡ್ಡ ಕೆಲಸಕ್ಕೆ ಕೈಹಾಕಿದವರು ಇಂಥ ಮಾತಿಗೆಲ್ಲ ಕಿವಿಗೊಡಬಾರದು. ಮೌಲಾ ಸಾಬರು ದಾವಣಗೆರೆ ಬಸ್ಸು ಹತ್ತಿ, ಮಂಡಿಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ, ಒಂದನೇ ದರ್ಜೆಯ ಕಪ್ಪು ಬಣ್ಣವನ್ನೂ ಬಂಗಾರದ ಬಣ್ಣವನ್ನೂ ತಂದರು. ಶನಿವಾರ ಇಡೀ ದಿನ ಬರೆದರು. ಪೆನ್ಸಿಲ್ ಗೆರೆ ಹಾಕಲಿಲ್ಲ. ಪೆನ್ಸಿಲ್ ಹಾಕುವುದು ನಂಬಿಕೆ ಇಲ್ಲದವರ ಕೆಲಸ ಎಂಬುದು ಅವರ ಸಿದ್ಧಾಂತ.

ಮೊದಲನೇ ಸಾಲು: ಅಬ್ದುಲ್ ರಹೀಮ್. ಎರಡನೇ ಸಾಲು: ಶ್ರೀಮತಿ ಮೆಹರ್ ಬಾನು. ಮೂರನೇ ಸಾಲು: ಶ್ರೀಮತಿ ಲತಾ. ಮಹಿಳಾ ಮೀಸಲಾತಿ ಬಂದ ಆ ಅವಧಿಯಲ್ಲಿ ಸದಸ್ಯೆ ಲತಾ, ಮಾತಾಡುತ್ತಿದ್ದವನು ಗಂಡ ನಿಂಗರಾಜು. ನಾಲ್ಕನೇ ಸಾಲು: ನಿಂಗರಾಜು. ಮೀಸಲಾತಿ ಹೋದ ಮೇಲೆ ಸದಸ್ಯ ಅವನು, ಮಾತಾಡುತ್ತಿದ್ದವಳು ಲತಾ. ಐದನೇ ಸಾಲು: ಈಗಿನ ಸದಸ್ಯೆ ಆಲಿಯಾ. ಎರಡನೇ ಸಾಲನ್ನು ಬರೆಯುವಾಗ ಮೌಲಾ ಸಾಬರು ಬಂಗಾರದ ಬಣ್ಣವನ್ನು ಎರಡು ಪದರ ಕೊಟ್ಟರು. ಕೊಡಬೇಕೆಂದು ಅನ್ನಿಸಿತು, ಕೊಟ್ಟರು.

ಏಕೆಂದರೆ ಮೆಹರ್ ಬಾನು ಎಂದರೆ ಹೊಸಬಾವಿಯಲ್ಲಿ ಬರೀ ಒಂದು ಹೆಸರಲ್ಲ. ತಿರುವಿನ ಮಂಡಕ್ಕಿ ಭಟ್ಟಿ ಅವರದು. ಈಗ ಎಪ್ಪತ್ಮೂರು ವರ್ಷ. ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಬಾಯಲ್ಲೂ ಅವರು ಆಪಾ, ಅಂದರೆ ಅಕ್ಕ. ನಳ ಬಾರದಿದ್ದರೆ ಆಪಾ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟರೆ ಆಪಾ, ಕಂಬದ ದೀಪ ಹತ್ತದಿದ್ದರೆ ಆಪಾ. ಒಮ್ಮೆ ಬಡಾವಣೆಗೆ ನೀರಿನ ಪೈಪು ಬರಬೇಕಾಗಿದ್ದಾಗ ಆಕೆ ಒಂದು ಚೀಲ ಮಂಡಕ್ಕಿ ಹೊತ್ತು ನಗರಸಭೆಯ ಮೆಟ್ಟಿಲ ಮೇಲೆ ಕೂತರು. ಬಂದವರಿಗೆಲ್ಲ ಒಂದೊಂದು ಮುಷ್ಟಿ ಕೊಟ್ಟು, "ತಿನ್ನಪ್ಪ, ನೀರಡಿಕೆ ಆಗ್ತದೆ. ಆದಾಗ ನಮ್ಮ ಬಡಾವಣೆ ನೆನಪು ಮಾಡ್ಕೋ" ಎನ್ನುತ್ತಿದ್ದರು. ಮೂರನೇ ದಿನ ಪೈಪು ಬಂತು. ಇಂಥವರು ಸದಸ್ಯರಾಗಿರದೆ ಇನ್ಯಾರು ಆಗಿರಬೇಕು?

ಭಾನುವಾರ ಬೆಳಿಗ್ಗೆ ಬೋರ್ಡು ಗೋಡೆಗೇರಿತು. ಮೌಲಾ ಸಾಬರು ಎದುರಿನ ಚಾದಂಗಡಿಯ ಬೆಂಚಿನಲ್ಲಿ ಕೂತು ಅದನ್ನೇ ನೋಡುತ್ತ ಮೂರು ಚಾ ಕುಡಿದರು. ನಾಲ್ಕನೆಯದಕ್ಕೆ ಹೇಳಬೇಕು ಎನ್ನುವಾಗ ಬಿಳಿ ಕಾರೊಂದು ಬಂದು ನಿಂತಿತು.

ಕಾರಿನಿಂದ ಮೊದಲು ಇಳಿದವರು ಕುಬೇರಪ್ಪ. ಹಿಂದೆ ಇದೇ ಬಡಾವಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರು, ಈಗ ದಾವಣಗೆರೆ ವಿದ್ಯಾನಗರದಲ್ಲಿ ಮಗಳು ಆಶಾಳ ಮನೆ ಹತ್ತಿರ ಇರುವವರು. ಅವರ ಹಿಂದೆ ಆಶಾ. ಅವಳ ಹಿಂದೆ ಅವಳ ಮಾವ, ಅಂದರೆ ಕುಬೇರಪ್ಪನವರ ಬೀಗರು, ನಿವೃತ್ತ ಹೆಡ್‌ಮೇಷ್ಟ್ರು. ಕುಬೇರಪ್ಪ ಹೊಸ ಪಂಚೆ ಉಟ್ಟು, ಜರಿಯಂಚಿನ ಶಲ್ಯ ಹೊದ್ದಿದ್ದರು. ಕೈಯಲ್ಲಿ ಉದ್ಘಾಟನೆಯ ಕರೆಯೋಲೆ.

ವಿಷಯ ಇಷ್ಟೇ. ಆಶಾಳ ಮದುವೆಯಾದಂದಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಕುಬೇರಪ್ಪ ತಾವು ಒಂದು ಕಾಲಕ್ಕೆ ನಗರಸಭಾ ಸದಸ್ಯರಾಗಿದ್ದುದಾಗಿ ಬೀಗರಿಗೆ ಹೇಳುತ್ತ ಬಂದಿದ್ದರು. ಬೀಗರು ಹನ್ನೆರಡು ವರ್ಷದಿಂದ "ಹೌದಾ?" ಎನ್ನುತ್ತ ಬಂದಿದ್ದರು. ಆ "ಹೌದಾ"ದಲ್ಲಿ ಇದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಇವತ್ತು ಕಿತ್ತುಹಾಕಲೆಂದೇ ಕುಬೇರಪ್ಪ ಒಂದು ದಿನ ಮುಂಚಿತವಾಗಿ ಕಾರು ಮಾಡಿಕೊಂಡು ಬಂದಿದ್ದರು.

ಮೇಷ್ಟ್ರು ಬೋರ್ಡಿನ ಮುಂದೆ ನಿಂತು, ಹಾಜರಿ ಕರೆಯುವ ದನಿಯಲ್ಲಿ ಐದೂ ಹೆಸರು ಓದಿದರು. ಮುಗಿಸಿ ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಓದಿದರು. ಆಮೇಲೆ ಮೆಲ್ಲಗೆ ತಿರುಗಿ, "ಬೀಗರೆ, ನಿಮ್ಮದು ಬೇರೆ ವಾರ್ಡೇನೋ?" ಎಂದರು.

ಕುಬೇರಪ್ಪನವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಜಗಳ ಗೊತ್ತಿಲ್ಲದ ಮನುಷ್ಯ ಅವರು. ಶಲ್ಯವನ್ನು ಮಡಚಿದರು, ಬಿಚ್ಚಿದರು. ಕೊನೆಗೆ ಚಾದಂಗಡಿಯ ಕಡೆ ನೋಡಿ, "ಮೌಲಾ, ನನ್ನ ಹೆಸರೆಲ್ಲಿ?" ಎಂದರು.

"ನಿಮ್ಮ ಹೆಸರು ಯಾಕ್ರಿ ಬರ್ಬೇಕು ಕುಬೇರಣ್ಣ?"

"ಎರಡನೇ ಇಲೆಕ್ಷನ್ನು ನಾನಲ್ಲೇನೋ ಗೆದ್ದಿದ್ದು!"

"ಎರಡನೇದಾ? ಅದ್ರಾಗೆ ನಿಂತಿದ್ದು ನೀವು ನಿಜ. ಗಾಳಿಪಟದ ಗುರ್ತು, ಬರ್ದಿದ್ದು ನಾನೇ. ಗೆದ್ದಿದ್ದು ಆಪಾ. ಹೊಲಿಗೆ ಯಂತ್ರ."

"ಆಪಾ ಗೆದ್ದಿದ್ರೆ ಐದು ವರ್ಷ ಮೀಟಿಂಗಿಗೆ ಹೋಗಿ ಬೆಂಚ್ ಕಾಯ್ದೋನು ಯಾರು?"

"ಅದು ನಿಮಗೇ ಗೊತ್ತು."

ಗದ್ದಲಕ್ಕೆ ರವಿಚಂದ್ರ ಹೊರಬಂದರು. ನಾಳೆ ಹನ್ನೊಂದಕ್ಕೆ ಪೌರಾಯುಕ್ತರು ಬರುವವರು, ಇವತ್ತು ಗೋಡೆಯ ಮೇಲೆ ಒಬ್ಬರು, ಗೋಡೆಯ ಕೆಳಗೆ ಒಬ್ಬರು. ಮುಖ್ಯ ಕಚೇರಿಗೆ ಫೋನು ಮಾಡಿ ಹಳೆಯ ಫಲಿತಾಂಶದ ಹಾಳೆಯ ಫೋಟೊ ಕಳಿಸಲು ಕೇಳಿಕೊಂಡರು. ಭಾನುವಾರವಾದರೂ ಅಲ್ಲಿಯ ಪುಣ್ಯಾತ್ಮರೊಬ್ಬರು ಹುಡುಕಿ ಕಳಿಸುತ್ತೇನೆ ಎಂದರು. ಅಲ್ಲಿಯವರೆಗೆ ಸಾಕ್ಷಿ ಕೇಳೋಣ ಎಂದುಕೊಂಡು ರವಿಚಂದ್ರ ಎದುರಿಗೆ ಹೋಗುತ್ತಿದ್ದವರನ್ನು ನಿಲ್ಲಿಸಿದರು. ಸೊಪ್ಪಿನ ವ್ಯಾಪಾರದ ಪುಟ್ಟಕ್ಕ ಮತ್ತು ಅವಳ ಗಂಡ ಜಂಬಯ್ಯ.

"ಅಮ್ಮಾ, ಇಪ್ಪತ್ತು ವರ್ಷದ ಹಿಂದೆ ಈ ವಾರ್ಡಿನ ಸದಸ್ಯರು ಯಾರಿದ್ರು?"

"ಆಪಾ" ಎಂದಳು ಪುಟ್ಟಕ್ಕ, ಬುಟ್ಟಿ ಇಳಿಸದೆಯೇ. "ನಮ್ಮ ಓಣಿಗೆ ನಳ ಹಾಕ್ಸಿದ್ದು ಅವ್ರೇ."

"ನಳದ ಅರ್ಜಿಗೆ ಸಹಿ ಹಾಕಿದ್ದು ನಾನವ್ವಾ!" ಎಂದರು ಕುಬೇರಪ್ಪ.

"ಹೌದಣ್ಣ, ಹಾಕಿರ್ತೀರಿ. ಆಪಾ ಹಾಕು ಅಂದ್ರೆ ಯಾರು ಇಲ್ಲ ಅಂತಾರೆ?"

ಜಂಬಯ್ಯ ಇನ್ನೊಂದು ಹೆಜ್ಜೆ ಮುಂದೆ ಹೋದ. "ಸಾಹೇಬ್ರೆ, ಆಪಾ ಗೆದ್ದ ದಿನ ಮೆರವಣಿಗಿ ಆಗಿದ್ದು ನನ್ನ ಕಣ್ಣಾರೆ ನೋಡೀನಿ. ಎತ್ತಿನ ಗಾಡ್ಯಾಗೆ ಕೂಡ್ರಿಸಿದ್ವಿ."

"ಅದು ಅವ್ರ ಮಗಳ ಮದ್ವೆ ದಿಬ್ಬಣ!" ಎಂದು ಕುಬೇರಪ್ಪ ಅಳುವ ದನಿಯಲ್ಲಿ ಹೇಳಿದರು.

ಅಷ್ಟರಲ್ಲಿ ಮಾಜಿ ಸದಸ್ಯರಾದ ಅಬ್ದುಲ್ ರಹೀಮ್, ನಿಂಗರಾಜು, ಲತಾ ಮೂವರೂ ತಮ್ಮ ಹೆಸರು ಸರಿಯಾಗಿ ಬಂದಿದೆಯೋ ಎಂದು ನೋಡಲು ಬಂದರು. ಮೂವರೂ ಬೋರ್ಡು ನೋಡಿ ಸರಿಯಾಗಿದೆ ಎಂದರು. "ನಾನು ಅಧಿಕಾರ ಬಿಟ್ಟುಕೊಟ್ಟಿದ್ದೇ ಆಪಾಗೆ" ಎಂದರು ಮೊದಲನೇ ಸದಸ್ಯರಾದ ಅಬ್ದುಲ್ ರಹೀಮ್, ಗಡ್ಡ ನೀವುತ್ತ. "ನಾನು ಅಧಿಕಾರ ತಗಂಡಿದ್ದೇ ಆಪಾ ಕಡೆಯಿಂದ" ಎಂದಳು ಮೂರನೇ ಸದಸ್ಯೆ ಲತಾ. ಅವಳ ಪರವಾಗಿ ಅಧಿಕಾರ ತೆಗೆದುಕೊಂಡಿದ್ದ ನಿಂಗರಾಜುವೂ ಹೌದೆಂದ. ಹಿಂದಿನವರು, ಮುಂದಿನವರು ಇಬ್ಬರೂ ಹೀಗೆಂದ ಮೇಲೆ ನಡುವಿನ ಕುಬೇರಪ್ಪನವರಿಗೆ ತಾವು ಗೆದ್ದಿದ್ದು ನಿಜವೋ ಅಲ್ಲವೋ ಎಂದು ತಮಗೇ ಅನುಮಾನ ಶುರುವಾಯಿತು. ಆಶಾ ಅಪ್ಪನ ಕೈ ಹಿಡಿದುಕೊಂಡಳು. ಮೇಷ್ಟ್ರು ಆಕಾಶ ನೋಡಿದರು. ಮೌಲಾ ಸಾಬರು ಮಾತ್ರ ಎದೆಯುಬ್ಬಿಸಿ ನಿಂತಿದ್ದರು.

ಟಿಣ್ ಎಂದು ರವಿಚಂದ್ರ ಅವರ ಮೊಬೈಲು ಸದ್ದು ಮಾಡಿತು. ಫೋಟೊ ಬಂದಿತ್ತು. ಅವರು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ಓದಿದರು.

"ಕುಬೇರಪ್ಪ, ಗಾಳಿಪಟ, ಆರುನೂರ ನಲವತ್ತೆರಡು. ಮೆಹರ್ ಬಾನು, ಹೊಲಿಗೆ ಯಂತ್ರ, ಆರುನೂರ ಮೂವತ್ತೊಂದು. ಹನ್ನೊಂದು ಮತಗಳ ಅಂತರದಿಂದ ಕುಬೇರಪ್ಪ ಆಯ್ಕೆ."

ಬಸ್‌ಸ್ಟಾಪಿನಲ್ಲಿ ಭಾನುವಳ್ಳಿ ಬಸ್ಸು ಬಂದು ನಿಂತು ಹೋಯಿತು. ಮೌಲಾ ಸಾಬರು ಮೊಬೈಲು ಇಸಿದುಕೊಂಡು, ಕೊರಳಿನ ಕನ್ನಡಕ ಏರಿಸಿ, ಮೂರು ಸಲ ನೋಡಿದರು. ಅವರ ಎದೆಯ ಉಬ್ಬು ನಿಧಾನವಾಗಿ ಇಳಿಯಿತು.

"ಈ ಹಾಳೇನೇ ಸುಳ್ಳು" ಎಂದಳು ಪುಟ್ಟಕ್ಕ. "ಬರ್ರಿ, ಆಪಾನ್ನೇ ಕೇಳಾಣ."

ಹೀಗೆ ಹೊಸಬಾವಿಯ ಚುನಾವಣಾ ಇತಿಹಾಸವೇ ಒಂದು ಸಣ್ಣ ಮೆರವಣಿಗೆಯಾಗಿ ತಿರುವಿನ ಭಟ್ಟಿಗೆ ಹೊರಟಿತು. ಆಪಾ ಭಟ್ಟಿಯ ಮುಂದೆ ಕೂತು ಮಂಡಕ್ಕಿ ಹುರಿಯುವ ಮರಳನ್ನು ಜರಡಿ ಹಿಡಿಯುತ್ತಿದ್ದರು. ಅಷ್ಟು ಜನರನ್ನು ನೋಡಿ, "ಏನಪ್ಪ, ನೀರು ಬಂದಿಲ್ಲೇನು?" ಎಂದರು. ಜನ ಗುಂಪಾಗಿ ಬಂದರೆ ಅದೊಂದೇ ಕಾರಣ ಎಂಬುದು ಅವರ ಅನುಭವ.

ರವಿಚಂದ್ರ ವಿಷಯ ಹೇಳಿದರು. ಆಪಾ ಜರಡಿ ಕೆಳಗಿಟ್ಟರು.

"ಸೋತಿದ್ದು ನಾನೇ ಸಾಹೇಬ್ರೆ. ಹನ್ನೊಂದು ವೋಟಿಗೆ. ಎಣಿಕಿ ಮುಗಿಸ್ಕೊಂಡು ಬಂದು ಅವತ್ತೇ ಭಟ್ಟಿ ಹಚ್ಚೀನಿ. ಇವ್ರಿಗೆ ನೆನಪಿಲ್ಲೇನು?"

"ಹೆಂಗ್ ಸೋತ್ರಿ ಆಪಾ?" ಪುಟ್ಟಕ್ಕ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಅವಳ ಕಣ್ಣಿನಲ್ಲಿ ಏನೋ ಹಳೆಯದೊಂದು ಮಿನುಗಿತು. ಹಣೆಗೆ ಕೈ ಹೋಯಿತು. "ಅಯ್ಯೋ ನನ್ನ ಕರ್ಮವೇ! ನಿಜಾನೇ! ನಾನು... ನಾನು ಗಾಳಿಪಟಕ್ಕೆ ಒತ್ತಿದ್ದೆ!"

"ನೀನಾ?" ಎಂದ ಜಂಬಯ್ಯ.

"ಏನ್ ಮಾಡ್ಲಿ? ಆಪಾ ಹೆಂಗೂ ಗೆಲ್ತಾರೆ ಅಂತ ಊರೇ ಹೇಳ್ತಿತ್ತು. ಈ ಕುಬೇರಣ್ಣ ವೋಟು ಕೇಳಾಕೆ ಬಂದೋರು ಬಾಗಿಲಾಗೆ ನಿಂತು ಬಾಯೇ ಬಿಡ್ಲಿಲ್ಲ. ಗಾಳಿಪಟ ತೋರ್ಸಿ ಕಣ್ಣಾಗೆ ನೀರು ತಂದ್ರು. ಕೊನೀಗೆ, ಠೇವಣಿ ಹೋದ್ರೆ ಹೆಂಡ್ತಿ ಮನ್ಯಾಗೆ ಸೇರ್ಸಲ್ಲ ಅಂದ್ರು. ಪಾಪ, ಒಂದಾದ್ರೂ ಬೀಳ್ಲಿ ಅಂತ ಹಾಕಿದೆ."

ಜಂಬಯ್ಯ ಕೆಮ್ಮಿದ. "ನನಗೂ ಹಂಗೇ ಅನ್ನಿಸ್ತು. ನಾನೂ ಹಾಕಿದೆ."

ಅಬ್ದುಲ್ ರಹೀಮ್ ಟೋಪಿ ಸರಿಮಾಡಿಕೊಂಡರು. "ಆಪಾಗೆ ಸಾವಿರ ವೋಟು ಬರ್ತಾವೆ, ಅದ್ರಾಗೆ ನಂದೊಂದು ಹೋದ್ರೆ ಏನು ಅಂತ..." ಎಂದು ನಿಲ್ಲಿಸಿದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಲತಾ, ಗಂಡನಿಗೆ ಗೊತ್ತಾಗದ ಹಾಗೆ ಗಾಳಿಪಟಕ್ಕೆ ಹಾಕಿದ್ದೆ ಎಂದಳು. ನಿಂಗರಾಜು, ಹೆಂಡತಿಗೆ ಗೊತ್ತಾಗದ ಹಾಗೆ ತಾನೂ ಹಾಕಿದ್ದೆ ಎಂದ. ಗಂಡ ಹೆಂಡಿರು ಒಬ್ಬರನ್ನೊಬ್ಬರು ಹೊಸಬರನ್ನು ನೋಡುವ ಹಾಗೆ ನೋಡಿಕೊಂಡರು.

ಜಗತ್ತಿನಲ್ಲಿ ದುಡ್ಡಿಗೆ ಬಿದ್ದ ವೋಟುಂಟು, ಜಾತಿಗೆ ಬಿದ್ದ ವೋಟುಂಟು, ಕುಡಿತಕ್ಕೆ ಬಿದ್ದ ವೋಟುಂಟು. ಒಂದು ಇಡೀ ವಾರ್ಡು ಕರುಣೆಯಿಂದ ಒಬ್ಬನನ್ನು ಗೆಲ್ಲಿಸಿ, ಪ್ರೀತಿಯಿಂದ ಒಬ್ಬರನ್ನು ಸೋಲಿಸಿದ್ದು ಹೊಸಬಾವಿಯಲ್ಲಿ ಮಾತ್ರ. ಹಾಗೆ ಸೋಲಿಸಿದ ಸಂಕಟ ಯಾರಿಗೂ ಒಗ್ಗಲಿಲ್ಲ. ಒಗ್ಗದ್ದನ್ನು ತಲೆ ಎಷ್ಟು ದಿನ ಇಟ್ಟುಕೊಂಡೀತು? ಆಪಾ ಗೆದ್ದರೆಂದೇ ಎಲ್ಲರೂ ನಂಬುತ್ತ ಬಂದರು. ಆಪಾ ಕೂಡ ಗೆದ್ದವರಂತೆಯೇ ದುಡಿಯುತ್ತ ಬಂದರು.

ಲೆಕ್ಕದ ಮನುಷ್ಯ ರವಿಚಂದ್ರ ಬೆರಳು ಮಡಚಿದರು. "ಈ ಕಡೆಯಿಂದ ಒಂದು ವೋಟು ಆ ಕಡೆ ಹೋದರೆ ಅಂತರದಲ್ಲಿ ಎರಡರ ವ್ಯತ್ಯಾಸ ಆಗುತ್ತೆ. ಇಲ್ಲಿ ಐದು ಜನ, ಅಂದರೆ ಹತ್ತು. ಇನ್ನೊಬ್ಬರು, ಇನ್ನೊಬ್ಬರೇ ಒಬ್ಬರು ಸರಿಯಾಗಿ ಹಾಕಿದ್ದಿದ್ದರೆ ಆಪಾ ಒಂದು ಮತದಿಂದ ಗೆಲ್ತಿದ್ದರು."

ಎಲ್ಲರೂ ಆ ಇನ್ನೊಬ್ಬ ಪಾಪಿ ಯಾರಿರಬಹುದೆಂದು ಸುತ್ತ ನೋಡಿದರು. ಮೌಲಾ ಸಾಬರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದರು. ಸರಿಯಾಗಿಯೇ ಇದ್ದ ಪಟ್ಟಿ.

ಆಗ ಕುಬೇರಪ್ಪ ಒಂದು ಹೆಜ್ಜೆ ಮುಂದೆ ಬಂದರು.

"ನಾನು ಆಪಾಗೆ ಹಾಕಿದ್ದೆ" ಎಂದರು.

"ಏನಂದ್ರಿ?" ಎಂದರು ಮೇಷ್ಟ್ರು.

"ಹೌದ್ರಿ ಬೀಗರೆ. ನಾನು ಹೆಂಗೂ ಸೋಲೋನು. ನನ್ನ ವೋಟು ಯಾಕೆ ದಂಡ ಮಾಡ್ಲಿ ಅಂತ ಹೊಲಿಗೆ ಯಂತ್ರಕ್ಕೆ ಒತ್ತಿ ಬಂದೆ. ಗೆದ್ದೆ ಅಂದಾಗ ಎಣಿಕಿ ಹಾಲ್‌ನಾಗೆ ಎಚ್ಚರ ತಪ್ಪಿ ಬಿದ್ದಿದ್ದೆ. ಆಮ್ಯಾಕೆ ಇವ್ರ ಹಿಂದೆ ಹಿಂದೆ ಓಡಾಡಿ, ಹಾಕು ಅಂದಲ್ಲಿ ಸಹಿ ಹಾಕಿದೆ. ಅಷ್ಟೇ ನಾನು ಮಾಡಿದ್ದು." ಹೆಗಲಿನ ಶಲ್ಯ ತೆಗೆದು ಮಡಚಿದರು. "ಮೌಲಾ ತಪ್ಪು ಬರ್ದಿಲ್ರಿ ಸಾಹೇಬ್ರೆ. ಆ ಬೋರ್ಡು ಹಂಗೇ ಇರ್ಲಿ ಬಿಡ್ರಿ."

ಹನ್ನೆರಡು ವರ್ಷ ಕಾಯ್ದ ಮಾತನ್ನು, ಬೀಗರ ಎದುರಿಗೇ, ಮನುಷ್ಯ ಬಿಟ್ಟುಕೊಟ್ಟುಬಿಟ್ಟಿದ್ದ. ಗೆದ್ದ ದಿನಕ್ಕಿಂತ ಆವತ್ತೇ ಕುಬೇರಪ್ಪ ದೊಡ್ಡವರಾಗಿ ಕಂಡರು. ಎಲ್ಲರೂ ಆಪಾ ಮುಖ ನೋಡಿದರು.

ಆಪಾ ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು. "ಹಂಗೆಲ್ಲ ಆಗಂಗಿಲ್ಲ ಕುಬೇರಪ್ಪ. ನೀ ಗೆದ್ದೀಯ, ನಿನ್ನ ಹೆಸರು ಬರ್ಬೇಕು. ಸಹಿ ಹಾಕಿದ್ದು ಸಣ್ಣ ಕೆಲ್ಸ ಅನ್ನಬ್ಯಾಡ. ಸಹಿ ಹಾಕಾಕೆ ಅಲೆದಾಡಿಸಿದೋರನ್ನೂ ಕಂಡೀನಿ ನಾನು." ಅಲ್ಲಿದ್ದ ಉಳಿದ ಮಾಜಿ ಸದಸ್ಯರು ನೆಲ ನೋಡಿದರು. "ಮೌಲಾ, ನನ್ನ ಹೆಸರು ಅಳಿಸು."

"ಆಪಾ, ಅದನ್ನ ಎರಡು ಪದರ..."

"ಮೂರು ಪದರ ಇದ್ರೂ ಅಳಿಸು. ನಾ ಮಾಡಿದ್ದು ಕುರ್ಚಿ ಇಲ್ದೇ ಮಾಡಿದ್ದು. ಆ ಬೋರ್ಡಿನಾಗೆ ನನ್ನ ಹೆಸರಿದ್ರೆ ನಾಳೆ ಓದೋ ಹುಡುಗ್ರು, ಮೆಂಬರ್ ಇದ್ಲು ಮಾಡಿದ್ಲು ಬಿಡು, ಅಂತಾರೆ. ನಂದು ಅಂತ ಇರೋದೇ ಅದೊಂದು. ಅದನ್ನ ಕಸ್ಕೋಬ್ಯಾಡ."

ಮೇಷ್ಟ್ರು ಕೈಮುಗಿದರು. ಮೂವತ್ತೈದು ವರ್ಷ ಪೌರನೀತಿ ಪಾಠ ಮಾಡಿದವರು. ಪುಸ್ತಕದಲ್ಲಿಲ್ಲದ ಒಂದು ಅಧ್ಯಾಯ ಭಟ್ಟಿಯ ಮುಂದೆ ಸಿಕ್ಕಿತ್ತು.

ಆ ಸಂಜೆ ಮೌಲಾ ಸಾಬರು ಸೀಮೆಎಣ್ಣೆ ಬಟ್ಟೆ ಹಿಡಿದು ಎರಡನೇ ಸಾಲನ್ನು ಒರೆಸಿದರು. ಬಂಗಾರದ ಬಣ್ಣ ಬೇಗ ಬಿಡಲಿಲ್ಲ. ಮೇಲೆ ಕಪ್ಪು ಬಳಿದು ಒಣಗಿಸಿ, ಕುಬೇರಪ್ಪ ಎಂದು ಬರೆಯಲು ಹೋದವರು ಕುಂಚ ಕೆಳಗಿಟ್ಟರು. ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಲವತ್ತು ವರ್ಷದಲ್ಲಿ ಮೊದಲ ಸಲ ಪೆನ್ಸಿಲ್ ಗೆರೆ ಹಾಕಿದರು.

ಸೋಮವಾರ ಹನ್ನೊಂದಕ್ಕೆ ಪೌರಾಯುಕ್ತರು ಬಂದರು, ಟೇಪು ಕತ್ತರಿಸಿದರು, ಬೋರ್ಡಿನ ಮುಂದೆ ನಿಂತು ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಅಬ್ದುಲ್ ರಹೀಮ್ ಎಂದಾಗ ನಾಲ್ಕು ಚಪ್ಪಾಳೆ ಬಿತ್ತು. ಕುಬೇರಪ್ಪ ಎಂದಾಗ ಶಾಮಿಯಾನವೇ ಹಾರಿಹೋಗುವಂತೆ ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು, ಪುಟ್ಟಕ್ಕ ಸೊಪ್ಪಿನ ಕಟ್ಟನ್ನೇ ಮೇಲೆತ್ತಿ ಆಡಿಸಿದಳು. ಒಂದೇ ವಿಚಿತ್ರವೆಂದರೆ ಚಪ್ಪಾಳೆ ತಟ್ಟಿದವರೆಲ್ಲ ಬೋರ್ಡಿಗೆ ಬೆನ್ನು ಮಾಡಿ, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯ ಕಡೆ ತಿರುಗಿದ್ದರು. ಎಲ್ಲರಿಗಿಂತ ಮೊದಲು ತಿರುಗಿದವರು ವೇದಿಕೆಯ ಮೇಲಿದ್ದ ಕುಬೇರಪ್ಪ. ಆ ಕುರ್ಚಿಯಲ್ಲಿ ಆಪಾ ಕೂತು, "ಏಯ್, ಸಾಹೇಬ್ರ ಕಡೆ ನೋಡ್ರಪ್ಪ" ಎಂದು ಗದರುತ್ತಿದ್ದರು.

"ಈ ಕುಬೇರಪ್ಪ ಭಾರಿ ಜನಪ್ರಿಯ ಸದಸ್ಯರಿದ್ದಂಗೆ ಕಾಣ್ತದಲ್ರಿ" ಎಂದರು ಪೌರಾಯುಕ್ತರು.

"ಹೌದು ಸಾರ್. ಹನ್ನೊಂದು ವೋಟಿನ ಅಂತರ" ಎಂದರು ರವಿಚಂದ್ರ.

ಸಮಾರಂಭ ಮುಗಿದು, ಜನ ಉಪ್ಪಿಟ್ಟಿನ ಕಡೆ ಹೋದರು. ಮೌಲಾ ಸಾಬರು ಮಾತ್ರ ಹೋಗಲಿಲ್ಲ. ಹಿಂದಿನ ರಾತ್ರಿಯಿಡೀ ಅವರಿಗೆ ನಿದ್ದೆ ಇರಲಿಲ್ಲ. ಆಪಾ ಒಬ್ಬರೇ ಭಟ್ಟಿಯ ಕಡೆ ಹೊರಟಾಗ ಹಿಂದೆ ಹಿಂದೆ ಹೋಗಿ, ಬಾಗಿಲಲ್ಲಿ ನಿಂತು, ಕೊರಳಿನ ಕನ್ನಡಕವನ್ನು ಹಾಕಿಕೊಂಡು ತೆಗೆದು ಮತ್ತೆ ಹಾಕಿಕೊಂಡರು.

"ಆಪಾ, ನಿನ್ನೆ ಸಾಹೇಬ್ರು ಇನ್ನೊಬ್ರು ಅಂದ್ರಲ್ಲ."

"ಹೂಂ."

"ಆರನೇದು ನಾನೇ ಆಪಾ. ನಿಮ್ಮ ಹೊಲಿಗೆ ಯಂತ್ರ ಅಷ್ಟು ಚೆಂದ ಬರ್ದಿದ್ದೆ, ಅದು ಗೆದ್ದೇ ಗೆಲ್ತದೆ ಅಂದ್ಕೊಂಡೆ. ಗಾಳಿಪಟ ಸೊಟ್ಟ ಬಂದಿತ್ತು. ನನ್ನ ಕೈಯಿಂದ ಅವ್ರಿಗೆ ಅನ್ಯಾಯ ಆಯ್ತಲ್ಲ ಅಂತ ಅವ್ರಿಗೇ ಒತ್ತಿಬಿಟ್ಟೆ. ನಾನೊಬ್ಬ ಸರಿಯಾಗಿ ಹಾಕಿದ್ರೆ ನೀವು ಗೆಲ್ತಿದ್ರಿ. ಇಷ್ಟು ವರ್ಷ ನಿಮಗೆ ಹೇಳ್ಲಿಲ್ಲ ನಾನು."

ಆಪಾ ಭಟ್ಟಿಗೆ ಒಂದು ಹಿಡಿ ಹೊಟ್ಟು ಎರಚಿದರು. ಬೆಂಕಿ ಭಗ್ಗೆಂದಿತು.

"ಹೇಳೋದೇನೈತೆ ಮೌಲಾ? ಎಣಿಕಿ ಮುಗಿದ ಮಾರನೇ ದಿನ ಬೆಳಿಗ್ಗಿ ಬಂದು, ಮನ್ಯಾಗೆ ಇಬ್ಬರೇ ಇದ್ರೂ ಐದು ಸೇರು ಮಂಡಕ್ಕಿ ತಗಂಡು ಹೋದಿ. ನಿನ್ನ ಹಿಂದೆ ಪುಟ್ಟಕ್ಕ. ಅವಳ ಹಿಂದೆ ರಹೀಮ್. ಮುಖ ಎತ್ತಿ ನೋಡಿದೋರಿಲ್ಲ, ಬೆಲೆ ಕೇಳಿದೋರಿಲ್ಲ. ರಂಜಾನ್‌ನಾಗೂ ಅಷ್ಟು ವ್ಯಾಪಾರ ಇಲ್ಲ ನನಗೆ, ಆ ವಾರ ಅಕ್ಕಿ ಸಾಲ್ದೆ ಮಂಡಿಪೇಟೆಗೆ ಎರಡು ಸಲ ಹೋಗಿದ್ದೆ. ಯಾರ್ಯಾರು ಎಲ್ಲಿ ಒತ್ತೀರಿ ಅಂತ ಅವತ್ತೇ ತಿಳೀತು."